ತಾರಿಕ್ ಎಂಬ ಹೆಸರಿಗೆ ಅರ್ಥ ನಕ್ಷತ್ರವೇ, ದಾರಿಯೇ, ಬಾಗಿಲು ಬಡಿಯುವವನೇ?

ಸೋದರಮಾವ
ಅಕ್ಕನಿಗೆ ಗಂಡು ಮಗು ಹುಟ್ಟಿ ಒಂಬತ್ತು ದಿನವಾಯಿತು. ‘ತಾರಿಕ್’ ಎಂದು ಹೆಸರಿಡೋಣ ಎಂದು ಭಾವ ಹೇಳಿದರು, ಅಕ್ಕನೂ ಹೂಂ ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಯಾರೋ ಅರ್ಥವೇನು ಎಂದು ಕೇಳಿಬಿಟ್ಟರು ನೋಡಿ, ಮನೆ ಮೂರು ಪಾಳಯವಾಗಿದೆ.

ಭಾವನ ಪ್ರಕಾರ ನಕ್ಷತ್ರ. ಅವರ ತಂಗಿಯ ಪ್ರಕಾರ ದಾರಿ, ಉರ್ದುವಿನಲ್ಲಿ ‘ತರೀಕಾ’ ಎನ್ನುವುದಿಲ್ಲವೇ, ಅದೇ ಇದು ಎನ್ನುತ್ತಾಳೆ. ಮನೆಯ ಹಿರಿಯರೊಬ್ಬರು ಮಾತ್ರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವವನು” ಎಂದುಬಿಟ್ಟರು. ಅಕ್ಕನ ಮುಖ ಸಪ್ಪಗಾಯಿತು. ರಾತ್ರಿ ಬಾಗಿಲು ಬಡಿಯುವವನು ಕಳ್ಳನಾಗಿರಬೇಕು ಇಲ್ಲವೇ ಪೊಲೀಸನಾಗಿರಬೇಕು, ಎರಡೂ ನನ್ನ ಮಗನಿಗೆ ಬೇಡ ಎಂದು ಅವಳ ವಾದ.

ಅರೇಬಿಕ್ ಬಲ್ಲವರು ಯಾರಾದರೂ ಇತ್ಯರ್ಥ ಮಾಡಿ. ಇನ್ನೊಂದು ಸಣ್ಣ ಪ್ರಶ್ನೆ: ಕನ್ನಡದಲ್ಲಿ ತಾರಿಕ್ ಎಂದು ಬರೆಯಬೇಕೋ, ತಾರೀಕ್ ಎಂದೋ, ತಾರೀಖ್ ಎಂದೋ? ಮೂರನ್ನೂ ನೋಡಿದ್ದೇನೆ.

ನೀಲಿಶಾಯಿ
ಕಳ್ಳನೂ ಅಲ್ಲ ಪೊಲೀಸನೂ ಅಲ್ಲ, ಪಾರ್ಸೆಲ್ ತಂದವನು.

ನುಡಿಚೀಲ
ಹಿರಿಯರ ಕನ್ನಡಕಕ್ಕೆ ನನ್ನ ನಮಸ್ಕಾರ. ಅವರು ಹೇಳಿದ್ದೇ ಮೂಲ ಅರ್ಥ. ಆದರೆ ಭಾವ ಹೇಳಿದ್ದೂ ತಪ್ಪಲ್ಲ. ತಂಗಿ ಹೇಳಿದ್ದು ಅರ್ಧ ಸರಿ.

ಅರೇಬಿಕ್ ಪದಗಳು ಬಹುಪಾಲು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಲ್ಲಿನ ಧಾತು ತ-ರ-ಕ. ನಮ್ಮ ತ ಅಲ್ಲ, ನಾಲಿಗೆಯ ಹಿಂಭಾಗವನ್ನೂ ಎತ್ತಿ ಹೇಳುವ ಗಡುಸು ತ. ಕ ಕೂಡ ನಮ್ಮದಲ್ಲ, ಕಿರುನಾಲಿಗೆಯ ಹತ್ತಿರದಿಂದ ಬರುವ ಕ. ‘ತರಕ’ ಎಂದರೆ ಬಡಿದನು, ತಟ್ಟಿದನು. ಬಡಿಯುವ ಸಾಧನ ‘ಮಿತ್ರಕಾ’, ಅಂದರೆ ಸುತ್ತಿಗೆ. ಕಾಲುಗಳು ಬಡಿದು ಬಡಿದು ಹದವಾದ ನೆಲ ‘ತರೀಕ್’, ಅಂದರೆ ದಾರಿ. ಆ ದಾರಿಯಿಂದ ‘ತರೀಕಾ’, ಅಂದರೆ ವಿಧಾನ, ರೀತಿ. ಸೂಫಿ ಪಂಥಗಳಿಗೂ ಇದೇ ಹೆಸರು, ದೇವರ ಕಡೆಗಿನ ಹಾದಿ ಎಂಬ ಅರ್ಥದಲ್ಲಿ. ಬಡಿಯುವವನು ‘ತಾರಿಕ್’.

ರಾತ್ರಿ ಎಲ್ಲಿಂದ ಬಂತು? ಹಗಲಿನಲ್ಲಿ ಬಾಗಿಲು ತೆರೆದಿರುತ್ತದೆ, ಬಂದವನು ನೇರವಾಗಿ ಒಳಗೆ ಬರುತ್ತಾನೆ. ರಾತ್ರಿ ಬಂದವನು ತಟ್ಟಲೇಬೇಕು. ಹಾಗಾಗಿ ರಾತ್ರಿ ಬರುವ ಯಾರೇ ಆಗಲಿ ತಾರಿಕ್ ಎಂದಾಯಿತು. ಇದು ನನ್ನ ಊಹೆಯಲ್ಲ, ಹಳೆಯ ಅರೇಬಿಕ್ ನಿಘಂಟುಕಾರರೇ ಕೊಡುವ ವಿವರಣೆ. ಇನ್ನು ರಾತ್ರಿ ಮಾತ್ರ ಬರುವುದು, ಹಗಲಿನಲ್ಲಿ ಕಾಣಿಸಿಕೊಳ್ಳದಿರುವುದು ಯಾವುದು? ನಕ್ಷತ್ರ. ಅದಕ್ಕೂ ತಾರಿಕ್ ಎಂದರು. ನಸುಕಿನಲ್ಲಿ ಕಾಣುವ ಬೆಳ್ಳಿಗೂ ನಿಘಂಟುಗಳು ಇದೇ ಪದ ಕೊಡುತ್ತವೆ. ಸುತ್ತಿಗೆ, ದಾರಿ, ಅತಿಥಿ, ನಕ್ಷತ್ರ, ನಾಲ್ಕೂ ಒಂದೇ ಕುಟುಂಬ.

ತಾರೆಗಣತಿ
ಇಷ್ಟೆಲ್ಲ ಸುತ್ತಿ ಬಳಸುವುದು ಯಾಕೆ ಸ್ವಾಮಿ? ಸಂಸ್ಕೃತದಲ್ಲಿ ‘ತಾರಕ’ ಎಂದರೆ ನಕ್ಷತ್ರ. ಅರೇಬಿಕ್‌ನಲ್ಲಿ ‘ತಾರಿಕ್’ ಎಂದರೆ ನಕ್ಷತ್ರ. ತ, ರ, ಕ ಮೂರೂ ಅಕ್ಷರ ಕೂಡಿವೆ, ಅರ್ಥವೂ ಕೂಡಿದೆ. ಇಲ್ಲಿಂದ ಅಲ್ಲಿಗೆ ಹೋದ ಪದ ಎಂದು ಒಪ್ಪಿಕೊಳ್ಳಲು ಇಷ್ಟು ಕಷ್ಟವೇ? ಅಂಕಿಗಳು ಹೋಗಲಿಲ್ಲವೇ, ಸೊನ್ನೆ ಹೋಗಲಿಲ್ಲವೇ?

ನೀಲಿಶಾಯಿ
ಬಂದರು! ನಾನು ಕಾಯುತ್ತಿದ್ದೆ.

ನುಡಿಚೀಲ
ಅಂಕಿ ಹೋದದ್ದು ನಿಜ. ಅದಕ್ಕೆ ದಾಖಲೆ ಇದೆ, ಅರಬರೇ ಅವನ್ನು ಹಿಂದೂಸ್ತಾನದ ಅಂಕಿ ಎಂದು ಕರೆಯುತ್ತಾರೆ. ಈ ಪದದ ಕಥೆ ಬೇರೆ.

ಸಂಸ್ಕೃತದ ತಾರಾ ಶಬ್ದಕ್ಕೆ ಮೊದಲು ಸಕಾರವಿತ್ತು ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಋಗ್ವೇದದಲ್ಲೇ ‘ಸ್ತೃಭಿಃ’ ಎಂಬ ರೂಪ ಇದೆ, ನಕ್ಷತ್ರಗಳಿಂದ ಎಂಬ ಅರ್ಥದಲ್ಲಿ. ಪಾರಸಿಯ ‘ಸಿತಾರಾ’, ಇಂಗ್ಲಿಷಿನ ‘ಸ್ಟಾರ್’, ಎಲ್ಲಕ್ಕೂ ಆ ಸಕಾರ ಉಳಿದಿದೆ, ನಮ್ಮ ತಾರೆ ಮಾತ್ರ ಉದುರಿಸಿಕೊಂಡಿದೆ. ಅಂದರೆ ಸಂಸ್ಕೃತದಲ್ಲಿ ಮೂಲ ಭಾಗ ‘ತಾರ’, ಕೊನೆಯ ‘ಕ’ ಒಂದು ಪ್ರತ್ಯಯ. ಬಾಲ ಬಾಲಕ ಆದ ಹಾಗೆ. ಅರೇಬಿಕ್‌ನಲ್ಲಿ ಆ ‘ಕ’ ಧಾತುವಿನ ಮೂರನೇ ಕಾಲು. ಅದನ್ನು ತೆಗೆದರೆ ಪದವೇ ಕುಸಿಯುತ್ತದೆ. ಅಲ್ಲದೆ ನಿಮ್ಮ ತಾರಕ ಸುತ್ತಿಗೆಯನ್ನು ಹೇಗೆ ವಿವರಿಸುತ್ತದೆ? ದಾರಿಯನ್ನು ಹೇಗೆ?

ತಾರೆಗಣತಿ
ಸುತ್ತಿಗೆಯಿಂದ ಬಡಿದರೆ ಕಣ್ಣ ಮುಂದೆ ನಕ್ಷತ್ರ ಕಾಣುತ್ತದೆ.

ನುಡಿಚೀಲ
ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಮೌಲ್ವಿಯಮೊಮ್ಮಗಳು
ಸೋದರಮಾವ ಅವರೇ, ನಿಮ್ಮ ಅಕ್ಕನಿಗೆ ಒಂದು ವಿಷಯ ಹೇಳಿ. ಅವರು ಕೇಳಿದ ಪ್ರಶ್ನೆಯನ್ನೇ ಕುರ್‌ಆನ್ ಕೇಳುತ್ತದೆ. 86ನೇ ಅಧ್ಯಾಯದ ಹೆಸರೇ ‘ಅತ್-ತಾರಿಕ್’. ಹದಿನೇಳು ಪುಟ್ಟ ವಚನಗಳು, ಮಕ್ಕಾದ ಕಾಲದ್ದು. ಶುರುವಾಗುವುದೇ ಆಕಾಶದ ಮೇಲೆ, ತಾರಿಕ್‌ನ ಮೇಲೆ ಆಣೆಯಿಟ್ಟು. ಎರಡನೇ ವಚನ, ತಾರಿಕ್ ಎಂದರೇನೆಂದು ನಿನಗೇನು ಗೊತ್ತು ಎಂದು ಕೇಳುತ್ತದೆ. ಮೂರನೆಯದು ಉತ್ತರ: ‘ಅನ್-ನಜ್ಮು ಸ್-ಸಾಕಿಬ್’, ತೂರಿ ಬರುವ ನಕ್ಷತ್ರ. ಕತ್ತಲನ್ನು ಮೊಳೆ ಹೊಡೆದ ಹಾಗೆ ತೂತು ಮಾಡಿ ಬರುವ ಬೆಳಕು.

ನಾನು ಚಿಕ್ಕವಳಿದ್ದಾಗ ಅಜ್ಜ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರು. ‘ತಾರಿಕ್’ ಬಂದಾಗಲೆಲ್ಲ ಬೆರಳ ಗೆಣ್ಣಿನಿಂದ ಮರದ ಹಲಗೆಯನ್ನು ಒಮ್ಮೆ ಟಕ್ ಎಂದು ಬಡಿಯುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ, ಬಡಿಯುತ್ತಿದ್ದರು ಅಷ್ಟೆ. ಎಷ್ಟೋ ವರ್ಷದ ಮೇಲೆ ಧಾತು ಗೊತ್ತಾದಾಗ ಆ ಸದ್ದು ನೆನಪಾಯಿತು.

ಯಾವ ನಕ್ಷತ್ರ ಎಂಬುದರಲ್ಲಿ ವ್ಯಾಖ್ಯಾನಕಾರರು ಒಂದೇ ಮಾತು ಹೇಳುವುದಿಲ್ಲ. ಯಾವುದೇ ಹೊಳೆಯುವ ನಕ್ಷತ್ರ ಎಂದು ಕೆಲವರು. ಕೃತ್ತಿಕೆ ಎಂದು ಕೆಲವರು, ಹಳೆಯ ಅರೇಬಿಕ್‌ನಲ್ಲಿ ‘ಅನ್-ನಜ್ಮ್’ ಎಂದು ಸುಮ್ಮನೆ ಹೇಳಿದರೆ ಕೃತ್ತಿಕೆ ಎಂದೇ ಅರ್ಥವಾಗುತ್ತಿತ್ತು. ಶನಿಗ್ರಹ ಎಂದವರೂ ಇದ್ದಾರೆ.

ನೀಲಿಶಾಯಿ
ಶನಿಯ ವಿಷಯ ಅಕ್ಕನಿಗೆ ಹೇಳಬೇಡಿ.

ಸೋದರಮಾವ
ತಡವಾಯಿತು. ಪಕ್ಕದಲ್ಲಿ ಕುಳಿತು ಓದುತ್ತಿದ್ದಾಳೆ.

ಬೆಳಕುವರ್ಷ
ಅದು ಪಲ್ಸಾರ್ ಅಲ್ಲವೇ? ಟಕ್ ಟಕ್ ಎಂದು ಬಾಗಿಲು ಬಡಿಯುವ ಸದ್ದು ಮಾಡುವ ನಕ್ಷತ್ರ. ವಿಡಿಯೊ ನೋಡಿದ್ದೇನೆ, ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ವಿಜ್ಞಾನಿಗಳು ಈಗ ಕಂಡುಹಿಡಿದದ್ದು ಆಗಲೇ ಹೇಳಿತ್ತು.

ಅಡ್ಡಪ್ರಶ್ನೆ
ಪಲ್ಸಾರ್ ಸದ್ದು ಮಾಡುವುದಿಲ್ಲ. ಮಾಡಿದರೂ ಶೂನ್ಯದಲ್ಲಿ ಸದ್ದು ಚಲಿಸುವುದಿಲ್ಲ. ಅದು ತಿರುಗುವ ನ್ಯೂಟ್ರಾನ್ ತಾರೆ, ದೀಪಸ್ತಂಭದ ಬೆಳಕಿನ ಹಾಗೆ ಅದರ ರೇಡಿಯೊ ಕಿರಣ ನಮ್ಮ ಕಡೆ ಬೀಸಿ ಹೋಗುತ್ತದೆ. 1967ರಲ್ಲಿ ಖಗೋಳ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಗುರುತಿಸಿದ್ದು ರೇಡಿಯೊ ದೂರದರ್ಶಕ ಕಾಗದದ ಮೇಲೆ ಮೂಡಿಸಿದ ಗೀಚನ್ನು, ಕಿವಿಗೆ ಬಿದ್ದ ಸದ್ದನ್ನಲ್ಲ. ವಿಡಿಯೊದಲ್ಲಿ ನೀವು ಕೇಳಿದ್ದು ಆ ಸಂಕೇತವನ್ನು ಧ್ವನಿವರ್ಧಕಕ್ಕೆ ಕೊಟ್ಟಾಗ ಬರುವ ಟಕಟಕ. ‘ಸಾಕಿಬ್’ ಎಂದರೆ ತೂರುವ ಎಂದು ಈಗಷ್ಟೇ ಹೇಳಿದರು, ಅದು ಬೆಳಕಿನ ಗುಣ. ಇನ್ನು ನಕ್ಷತ್ರಕ್ಕೆ ಈ ಹೆಸರು ರಾತ್ರಿ ಬರುವುದರಿಂದ ಬಂದದ್ದು ಎಂಬುದು ಮೇಲೆ ಸ್ಪಷ್ಟವಾಗಿಯೇ ಇದೆ. ಬರಿಗಣ್ಣಿನಲ್ಲಿ ನಕ್ಷತ್ರ ನೋಡಿದವರ ಭಾಷೆ ಅದು, ಹಾಗೆ ಓದಿದರೇ ಸೊಗಸು.

ಬೆಳಕುವರ್ಷ
ಸರಿ, ಸರಿ. ಇಷ್ಟು ಬಡಿಯಬೇಡಿ.

ಮೂಗುತಿ
ನನಗೆ ತಿಳಿದಂತೆ ‘ತಾರಿಕ್’ ಎಂದರೆ ರಾತ್ರಿ ಎರಗುವ ಆಪತ್ತು ಎಂಬ ಅರ್ಥವೂ ಇದೆ. ಇಂಥ ಹೆಸರು ಇಡುವುದು ಬೇಡ ಎಂದು ನನ್ನ ಸಲಹೆ. ನಾಸಿರ್, ಸಾಲಿಂ ಇಂಥ ಹೆಸರುಗಳಲ್ಲಿ ಯಾವ ಗೊಂದಲವೂ ಇಲ್ಲ.

ಮೌಲ್ವಿಯಮೊಮ್ಮಗಳು
ಆ ಅರ್ಥ ಇರುವುದು ನಿಜ. ‘ತಾರಿಕಾ’ ಎಂಬ ಸ್ತ್ರೀಲಿಂಗ ರೂಪಕ್ಕೆ, ಅದರ ಬಹುವಚನ ‘ತವಾರಿಕ್’ಗೆ ಆಪತ್ತು ಎಂಬ ಅರ್ಥ ನಿಘಂಟಿನಲ್ಲಿದೆ. ಆದರೆ ಅರ್ಧ ಹೇಳಿ ನಿಲ್ಲಿಸಬೇಡಿ. ಒಂದು ಪ್ರಸಿದ್ಧ ಪ್ರಾರ್ಥನೆಯಲ್ಲಿ, ರಾತ್ರಿ ಹಗಲು ಬಂದೆರಗುವ ತವಾರಿಕ್‌ಗಳ ಕೇಡಿನಿಂದ ಕಾಪಾಡು ಎಂದು ಬೇಡಿ, ಕೂಡಲೇ ಒಂದು ವಿನಾಯಿತಿ ಸೇರಿಸಲಾಗಿದೆ: ‘ಇಲ್ಲಾ ತಾರಿಕನ್ ಯತ್ರುಕು ಬಿಖೈರ್’. ಒಳಿತನ್ನು ಹೊತ್ತು ಬಾಗಿಲು ತಟ್ಟುವ ತಾರಿಕ್ ಒಬ್ಬನನ್ನು ಬಿಟ್ಟು ಎಂದು. ನಿಮ್ಮ ಅಳಿಯ ಆ ವಿನಾಯಿತಿ ಎಂದುಕೊಳ್ಳಿ.

ಇದೇ ಕ್ರಿಯಾಪದ ಬುಖಾರಿ ಸಂಗ್ರಹಿಸಿದ ಹದೀಸಿನಲ್ಲೂ, ಅಂದರೆ ಪ್ರವಾದಿಯ ನುಡಿಯಲ್ಲೂ ಇದೆ. ಬಹಳ ದಿನ ದೂರವಿದ್ದವನು ಮುನ್ಸೂಚನೆಯಿಲ್ಲದೆ ರಾತ್ರಿ ಹೊತ್ತು ಮನೆಯವರ ಬಾಗಿಲು ತಟ್ಟಬಾರದು ಎಂಬ ಮಾತು ಅದು. ಮನೆಯವರನ್ನು ಗಾಬರಿ ಮಾಡಬೇಡ ಎಂಬ ಸೌಜನ್ಯ. ಅಂದರೆ ಆ ಕಾಲದಲ್ಲೂ ರಾತ್ರಿಯ ಬಡಿತಕ್ಕೆ ನಿಮ್ಮ ಅಕ್ಕನ ಹಾಗೆಯೇ ಬೆಚ್ಚುವವರಿದ್ದರು!

ನುಡಿಚೀಲ
ಇನ್ನೊಂದು ಬದಿಯೂ ಇದೆ. ಹಳೆಯ ಅರೇಬಿಕ್ ಕಾವ್ಯದಲ್ಲಿ ರಾತ್ರಿ ಬಂದು ತಟ್ಟುವುದು ಪ್ರೇಮದ ಮಾತು. ನಲ್ಲೆಯ ನೆರಳು ನಿದ್ದೆಯಲ್ಲಿ ಬಂದು ಕವಿಯನ್ನು ಎಬ್ಬಿಸುತ್ತದೆ, ಅದಕ್ಕೆ ಬಳಸುವ ಕ್ರಿಯಾಪದ ‘ತರಕ’. ಆಪತ್ತು, ಅತಿಥಿ, ಕನಸು, ಮೂರೂ ಹೇಳದೆ ಕೇಳದೆ ಬರುವಂಥವು, ಪದಕ್ಕೆ ಪಕ್ಷಪಾತವಿಲ್ಲ.

ಅಡ್ಡಪ್ರಶ್ನೆ
625ರ ಉಹುದ್ ಯುದ್ಧದ ಪದ್ಯವನ್ನು ಯಾರೂ ಹೇಳಲಿಲ್ಲವೇ? ಮಕ್ಕಾದ ಪಕ್ಷದ ಹಿಂದ್ ಬಿಂತ್ ಉತ್ಬಾ ಮತ್ತು ಜೊತೆಯ ಹೆಂಗಸರು ತಮ್ಮವರನ್ನು ಹುರಿದುಂಬಿಸಲು ಹಾಡಿದರು ಎಂದು ಹೇಳುವ ಸಾಲು: ‘ನಹ್ನು ಬನಾತು ತಾರಿಕ್, ನಮ್ಶೀ ಅಲನ್ ನಮಾರಿಕ್’. ನಾವು ತಾರಿಕ್‌ನ ಹೆಣ್ಣುಮಕ್ಕಳು, ಮೆತ್ತೆಗಳ ಮೇಲೆ ನಡೆಯುವವರು. ತಾರಿಕ್ ಎಂದರೆ ಇಲ್ಲಿ ನಕ್ಷತ್ರ, ನಮ್ಮಪ್ಪಂದಿರು ನಕ್ಷತ್ರದಷ್ಟು ಎತ್ತರದವರು ಎಂಬ ಹೆಮ್ಮೆ ಎಂದು ವಿವರಿಸುತ್ತಾರೆ. ಅಂದರೆ ನಕ್ಷತ್ರದ ಅರ್ಥ ಮುಸ್ಲಿಮರ ಎದುರು ಪಕ್ಷದಲ್ಲಿದ್ದವರಿಗೂ ಪರಿಚಿತವೇ.

ಹೆಸರು ಒಂದು ಧರ್ಮದ ಸೊತ್ತೂ ಅಲ್ಲ. ಇರಾಕಿನ ವಿದೇಶಾಂಗ ಸಚಿವರಾಗಿದ್ದ ತಾರಿಕ್ ಅಜೀಜ್ ಕಾಲ್ಡಿಯನ್ ಕ್ರೈಸ್ತರು.

ಹಡಗಿನಹುಡುಗ
ಹುಡುಗ ಅಲ್ಲ, ನಿವೃತ್ತಿಯಾಗಿದೆ. ಇಷ್ಟು ಹೊತ್ತಾದರೂ ಯಾರೂ ಜಿಬ್ರಾಲ್ಟರ್ ಎನ್ನಲಿಲ್ಲವಲ್ಲ!

ನಾನು ಸರಕು ಹಡಗಿನಲ್ಲಿದ್ದಾಗ ಆ ಜಲಸಂಧಿಯನ್ನು ಎಷ್ಟೋ ಬಾರಿ ದಾಟಿದ್ದೇನೆ. ಕಿರಿದಾದ ಕಡೆ ಸುಮಾರು 14 ಕಿಲೋಮೀಟರ್, ಒಂದು ಬದಿ ಆಫ್ರಿಕಾ, ಒಂದು ಬದಿ ಯುರೋಪ್, ಎರಡೂ ಕಣ್ಣಿಗೆ ಬೀಳುತ್ತವೆ. ಪೂರ್ವದ ಗಾಳಿ ಬೀಸಿದಾಗ ಬಂಡೆಯ ನೆತ್ತಿಯಿಂದ ಬಿಳಿ ಮೋಡವೊಂದು ಬಾವುಟದ ಹಾಗೆ ಪಶ್ಚಿಮಕ್ಕೆ ಚಾಚಿಕೊಂಡಿರುತ್ತದೆ. ಸುತ್ತ ಎಲ್ಲ ಕಡೆ ಆಕಾಶ ಶುಭ್ರ, ಬಂಡೆಯ ಮೇಲೆ ಮಾತ್ರ ಮೋಡ, ಯಾರೋ ಅಲ್ಲಿ ಒಲೆ ಹಚ್ಚಿದಂತೆ. ಒಂದು ದಿನ ಮೊರೊಕ್ಕೊದ ಸಹೋದ್ಯೋಗಿ ಪಕ್ಕದಲ್ಲಿ ನಿಂತು, ಕೈ ತೋರಿಸಿ, “ಜಬಲ್ ತಾರಿಕ್” ಎಂದ. ಇದರ ಹೆಸರು ಜಿಬ್ರಾಲ್ಟರ್ ಅಲ್ಲವೇ ಎಂದೆ. ಅದನ್ನೇ ನಾನು ಹೇಳಿದ್ದು, ನೀನು ಬೇಗ ಹೇಳಿ ಕೆಡಿಸಿದೆ ಎಂದು ನಕ್ಕ. ಜಬಲ್ ತಾರಿಕ್, ಜಬಲ್ತಾರಿ, ಜಿಬ್ರಾಲ್ಟರ್. ಬಾಯಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ. ಜಬಲ್ ಎಂದರೆ ಬೆಟ್ಟ. ತಾರಿಕ್ ಬೆಟ್ಟ.

ಆ ತಾರಿಕ್ ಎಂದರೆ ತಾರಿಕ್ ಇಬ್ನ್ ಜಿಯಾದ್. 711ರಲ್ಲಿ ಉತ್ತರ ಆಫ್ರಿಕಾದಿಂದ ದಾಟಿ ಬಂದು ಆ 426 ಮೀಟರ್ ಎತ್ತರದ ಬಂಡೆಯ ಬುಡದಲ್ಲಿ ಇಳಿದವನು. ದಾಟಿದ ಮೇಲೆ ದೋಣಿಗಳಿಗೆ ಬೆಂಕಿ ಹಚ್ಚಿಸಿದನಂತೆ, ಹಿಂದೆ ಸಮುದ್ರ, ಮುಂದೆ ಶತ್ರು, ಎಲ್ಲಿಗೆ ಓಡುತ್ತೀರಿ ಎಂದನಂತೆ. ಮಗುವಿಗೆ ಇದಕ್ಕಿಂತ ಗಂಡುಗಲಿ ಹೆಸರು ಬೇಕೇ?

ಅಡ್ಡಪ್ರಶ್ನೆ
ಬೆಟ್ಟದ ಹೆಸರು ಸರಿ, 711 ಸರಿ. ದೋಣಿ ಸುಟ್ಟ ಕಥೆಗೆ ಮಾತ್ರ ಕೈ ಹಾಕಬೇಡಿ, ಸುಡುತ್ತದೆ. ಅದು ಕಾಣಿಸಿಕೊಳ್ಳುವುದು 12ನೇ ಶತಮಾನದ ಭೂಗೋಳಕಾರ ಅಲ್-ಇದ್ರೀಸಿಯಲ್ಲಿ, ಅಂದರೆ ನಾಲ್ಕು ಶತಮಾನ ಕಳೆದ ಮೇಲೆ. ಆ ಭಾಷಣವೂ ಬಹಳ ಕಾಲದ ನಂತರದ ಬರಹಗಳಲ್ಲೇ ಸಿಗುವುದು. ಇನ್ನೊಂದು ಸಂಗತಿ: ತಾರಿಕ್ ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಬರ್ಬರ್ ಜನಾಂಗದವನು ಎಂದು ಬಹುತೇಕ ಇತಿಹಾಸಕಾರರ ಅಭಿಪ್ರಾಯ, ಅವನ ಸೈನ್ಯದಲ್ಲೂ ಬರ್ಬರರೇ ಹೆಚ್ಚು. ಅವರೆದುರು ಅಷ್ಟು ಪ್ರಾಸಬದ್ಧವಾದ ಅರೇಬಿಕ್ ಭಾಷಣ ಮಾಡಿದ್ದರೆ ಅರ್ಧ ಜನ ಪಕ್ಕದವನನ್ನು ಏನು ಹೇಳಿದ ಎಂದು ಕೇಳಿರಬೇಕು.

ಅಲ್ಲದೆ ದೋಣಿ ಸುಟ್ಟುಬಿಟ್ಟಿದ್ದರೆ ಆಮೇಲೆ ಬಂದ ಹೆಚ್ಚುವರಿ ಪಡೆ ಈಜಿಕೊಂಡು ಬಂತೇ?

ಹಡಗಿನಹುಡುಗ
ಹಡಗಿನವನಾಗಿ ಹೇಳುತ್ತೇನೆ, ಯಾವ ನಾವಿಕನೂ ಹಡಗು ಸುಡಲು ಬಿಡುವುದಿಲ್ಲ. ಕಥೆ ಕಟ್ಟಿದವನು ನೆಲದವನೇ ಇರಬೇಕು. ಒಪ್ಪಿದೆ.

ಸೋದರಮಾವ
ಅವನು ಆಮೇಲೆ ಏನಾದ?

ಅಡ್ಡಪ್ರಶ್ನೆ
ಆ ವರ್ಷವೇ ಆಗ ಸ್ಪೇನ್ ಆಳುತ್ತಿದ್ದ ವಿಸಿಗಾತ್ ದೊರೆ ರೊಡೆರಿಕ್‌ನನ್ನು ಸೋಲಿಸಿದ, ರಾಜಧಾನಿ ತೊಲೆದೊವರೆಗೂ ಹೋದ. 712ರಲ್ಲಿ ಅವನ ಒಡೆಯ ಮೂಸಾ ಇಬ್ನ್ ನುಸೈರ್ ತಾನೇ ಬಂದ. ಆಳು ಇಷ್ಟೊಂದು ಗೆದ್ದದ್ದು ಒಡೆಯನಿಗೆ ಹಿಡಿಸಲಿಲ್ಲ ಎಂದು ವೃತ್ತಾಂತಗಳು ಹೇಳುತ್ತವೆ. 714ರ ಸುಮಾರಿಗೆ ಇಬ್ಬರಿಗೂ ಖಲೀಫರ ರಾಜಧಾನಿ ಡಮಾಸ್ಕಸ್‌ನಿಂದ ಕರೆ ಬಂತು. ಹೋದರು. ಅಲ್ಲಿಂದ ಮುಂದೆ ತಾರಿಕ್‌ನ ಸುದ್ದಿಯಿಲ್ಲ. ಬೆಟ್ಟಕ್ಕೆ ಹೆಸರು ಕೊಟ್ಟವನ ಸಮಾಧಿ ಎಲ್ಲಿದೆಯೋ.

ನೀಲಿಶಾಯಿ
ರಾತ್ರಿ ಬಂದ, ತಟ್ಟಿದ, ಹೋದ. ಹೆಸರಿಗೆ ತಕ್ಕ ಹಾಗೆ.

ಕಡಲಂಚು
ಅಲ್ಲೇ ಹತ್ತಿರ ‘ತರೀಫಾ’ ಎಂಬ ಊರಿದೆ. ಅದೂ ತಾರಿಕ್‌ನಿಂದಲೇ ಬಂದದ್ದು. ಅಲ್ಲಿ ಹಡಗುಗಳಿಂದ ಸುಂಕ ವಸೂಲಿ ಮಾಡುತ್ತಿದ್ದರು, ಅದರಿಂದಲೇ ‘ಟ್ಯಾರಿಫ್’ ಎಂಬ ಪದ ಹುಟ್ಟಿತು.

ನುಡಿಚೀಲ
ಮೂರು ವಾಕ್ಯ, ಎರಡು ತಪ್ಪು. ತರೀಫಾ ಹೆಸರು ಬಂದದ್ದು ತಾರಿಕ್‌ನಿಂದಲ್ಲ, ತರೀಫ್‌ನಿಂದ. ತರೀಫ್ ಇಬ್ನ್ ಮಾಲಿಕ್ ಎಂಬವನು ಒಂದು ವರ್ಷ ಮೊದಲು, 710ರಲ್ಲಿ, ದಾರಿ ನೋಡಿಕೊಂಡು ಬರಲು ಹೋಗಿದ್ದ. ಬೇರೆ ಮನುಷ್ಯ, ಬೇರೆ ಧಾತು. ಇನ್ನು ಟ್ಯಾರಿಫ್‌ಗೂ ಆ ಊರಿಗೂ ಸಂಬಂಧವೇ ಇಲ್ಲ. ಅದು ಅರೇಬಿಕ್‌ನ ‘ತಅರೀಫ್’ನಿಂದ ಬಂದದ್ದು, ತಿಳಿಯಪಡಿಸುವುದು ಎಂದರ್ಥ. ದರಪಟ್ಟಿ ಎಂದರೆ ಬೆಲೆ ತಿಳಿಯಪಡಿಸುವ ಹಾಳೆ ತಾನೇ. ಅದೇ ತಅರೀಫ್ ಪಾರಸಿ, ಉರ್ದು ದಾರಿಯಲ್ಲಿ ಬಂದು ನಮ್ಮಲ್ಲಿ ‘ತಾರೀಫು’ ಆಗಿದೆ, ಹೊಗಳಿಕೆ. ಹೊರಗಿನ ಸುಂಕವೂ ಒಳಗಿನ ಹೊಗಳಿಕೆಯೂ ಒಂದೇ ತಾಯಿಯ ಮಕ್ಕಳು.

ಕಡಲಂಚು
ಶಾಲೆಯಲ್ಲಿ ಹೇಳಿಕೊಟ್ಟದ್ದು ಹಾಗೆ. ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಯಾರ ಯಾರ ಮನೆಗೆ ಹೋಗಿ ತಿದ್ದಲಿ?

ನೀಲಿಶಾಯಿ
ರಾತ್ರಿ ಹೋಗಿ ಬಾಗಿಲು ಬಡಿಯಿರಿ.

ಕೈರೋಕಾಗದ
ಉಚ್ಚಾರಣೆಯ ವಿಷಯಕ್ಕೆ ಬರೋಣ. ನಾನು ಕೈರೋದಲ್ಲಿ ಕೆಲಸ ಮಾಡುತ್ತಿದ್ದಾಗ ನಮ್ಮ ಮಹಡಿಯಲ್ಲಿ ಒಬ್ಬರನ್ನು ಎಲ್ಲರೂ ‘ತಾರೆ’ ಎಂದು ಕರೆಯುತ್ತಿದ್ದರು. ತಾರೆ ಎಂದು ಹೇಳಿ ಕೊನೆಯಲ್ಲಿ ಗಂಟಲು ಹಿಡಿದ ಹಾಗೆ ತಟ್ಟನೆ ನಿಲ್ಲಿಸುತ್ತಿದ್ದರು. ನಾನು ಐದಾರು ತಿಂಗಳು ಅದು ಏನೋ ಮುದ್ದಿನ ಹೆಸರು ಎಂದುಕೊಂಡಿದ್ದೆ. ಒಂದು ದಿನ ಅವರ ಮೇಜಿನ ಫಲಕ ನೋಡಿದರೆ ತಾ, ಅಲಿಫ್, ರಾ, ಕಾಫ್. ನಮ್ಮ ತಾರಿಕ್! ಕೈರೋದವರು ಮಾತಿನಲ್ಲಿ ಆ ಆಳದ ಕ ಹೇಳುವುದಿಲ್ಲ, ಅಲ್ಲಿ ಉಸಿರು ಕಟ್ಟಿ ಬಿಡುತ್ತಾರೆ, ಅಷ್ಟೆ. ಕೊಲ್ಲಿಯ ಕಡೆ ಹೋದರೆ ಅದೇ ಅಕ್ಷರ ಗ ಆಗುತ್ತದೆ, ತಾರಿಗ್. ಪಾರಸಿಯವರ ಬಾಯಲ್ಲಿ ತಾರೆಘ್. ತುರ್ಕರು ಚುಕ್ಕಿಯಿಲ್ಲದ ಇಕಾರ ಹಾಕಿ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದು ಇದಕ್ಕೇ.

ನನ್ನ ಕನ್ನಡ ಕಿವಿಗೆ ‘ತಾರೆ’ ಎಂದು ಕೇಳಿ ನಕ್ಷತ್ರವೇ ನೆನಪಾಗುತ್ತಿತ್ತು ಎಂಬುದನ್ನು ತಾರೆಗಣತಿಯವರಿಗೆ ಉಡುಗೊರೆಯಾಗಿ ಕೊಡುತ್ತೇನೆ.

ತಾರೆಗಣತಿ
ನೋಡಿದಿರಾ! ನೋಡಿದಿರಾ!

ಹಾಜರಿಪುಸ್ತಕ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಹೆಸರೇ ತಾರಿಕ್. ಬರೆಯುವ ರೀತಿಯ ಬಗ್ಗೆ ಸೋದರಮಾವ ಅವರು ‘ಸಣ್ಣ ಪ್ರಶ್ನೆ’ ಎಂದರಲ್ಲ, ಅದು ಸಣ್ಣದಲ್ಲ. ನಲವತ್ತು ವರ್ಷ ಅನುಭವಿಸಿದ್ದೇನೆ.

ಶಾಲೆಗೆ ಸೇರಿಸುವಾಗ ಗುಮಾಸ್ತರು ‘ತಾರೀಖ್’ ಎಂದು ಬರೆದುಕೊಂಡರು. ಅಪ್ಪ ಗಮನಿಸಲಿಲ್ಲ. ಅರ್ಜಿಯಲ್ಲಿ ಒಂದು ಸಾಲು ‘ಹೆಸರು: ತಾರೀಖ್’, ಅದರ ಕೆಳಗೇ ‘ಹುಟ್ಟಿದ ತಾರೀಖು’. ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಮೇಷ್ಟ್ರು ‘ತಾರೀಖ್’ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಆ ದಿನದ ತಾರೀಖು ಕೂಗುತ್ತಿದ್ದ. “ತಾರೀಖ್!” “ಹದಿನೇಳು ಸಾರ್!” ಇಡೀ ತರಗತಿ ಗೊಳ್ಳೆನ್ನುತ್ತಿತ್ತು. ಮೇಷ್ಟ್ರು ಕೂಡ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ಏಳು ವರ್ಷ ನಡೆಯಿತು ಈ ನಾಟಕ. ನಿಜ ಹೇಳಬೇಕೆಂದರೆ ನಾನು ರಜೆಯಲ್ಲಿದ್ದ ದಿನವೂ ಅವನು ಕೂಗುತ್ತಿದ್ದನಂತೆ, ಹಾಗಾಗಿ ನನ್ನ ಗೈರುಹಾಜರಿ ಎಷ್ಟೋ ಬಾರಿ ಹಾಜರಿಯಾಗಿದೆ.

ದಯವಿಟ್ಟು ಮಗುವಿನ ಹೆಸರಿನಲ್ಲಿ ಮಹಾಪ್ರಾಣ ಹಾಕಿಸಬೇಡಿ.

ನುಡಿಚೀಲ
ಇದು ಓದಿ ಚಹಾ ಮೂಗಿಗೇರಿತು. ವಿಷಯ ಮಾತ್ರ ಗಂಭೀರವೇ. ತಾರೀಖು ಬೇರೆಯೇ ಪದ, ಅದರ ಕೊನೆಯ ವ್ಯಂಜನ ಬೇರೆ, ಧಾತು ಬೇರೆ. ಅರೇಬಿಕ್‌ನಲ್ಲಿ ‘ತಾರೀಖ್’ ಎಂದರೆ ದಿನಾಂಕ, ಇತಿಹಾಸವೂ ಹೌದು. ಬಾಗಿಲಿಗೂ ನಕ್ಷತ್ರಕ್ಕೂ ಸಂಬಂಧವಿಲ್ಲ.

ಹ್ರಸ್ವ ದೀರ್ಘದಲ್ಲೇ ಅರ್ಥ ಕುಳಿತಿದೆ. ತಾ ದೀರ್ಘ, ರಿ ಹ್ರಸ್ವ: ತಾರಿಕ್, ತಟ್ಟುವವನು. ತ ಹ್ರಸ್ವ, ರೀ ದೀರ್ಘ: ತರೀಕ್, ದಾರಿ. ಎರಡೂ ದೀರ್ಘ ಮಾಡಿ ತಾರೀಕ್ ಎಂದರೆ ಎರಡೂ ಅಲ್ಲ. ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ, ಅದಕ್ಕೇ ಹೆಸರಿನ ಪುಸ್ತಕಗಳು ದಾರಿಯನ್ನೂ ನಕ್ಷತ್ರವನ್ನೂ ಕಲಸಿ ಇಟ್ಟಿವೆ. ಈ ವಿಷಯದಲ್ಲಿ ನಮ್ಮ ಲಿಪಿಗೆ ಹೆಮ್ಮೆ ಪಡಬಹುದು, ಸ್ವರವನ್ನು ಅಚ್ಚುಕಟ್ಟಾಗಿ ಹಿಡಿಯುತ್ತದೆ.

ವ್ಯಂಜನದಲ್ಲಿ ಮಾತ್ರ ಕೈಕೊಡುತ್ತದೆ. ಸಾದಾ ತ, ಸಾದಾ ಕ ಇರುವ ಇನ್ನೊಂದು ‘ತಾರಿಕ್’ ಅರೇಬಿಕ್‌ನಲ್ಲಿದೆ, ತೊರೆದವನು, ಬಿಟ್ಟವನು ಎಂದರ್ಥ. ನಮಾಜು ಬಿಟ್ಟವನನ್ನು ಹಾಗೆ ಕರೆಯುತ್ತಾರೆ. ಕನ್ನಡದಲ್ಲಿ ಬರೆದಾಗ ಎರಡಕ್ಕೂ ಒಂದೇ ರೂಪ. ಅರೇಬಿಕ್ ಅಕ್ಷರ ಬಲ್ಲವರಿಂದ ಮೂಲ ಕಾಗುಣಿತವನ್ನು ಒಂದು ಕಡೆ ಬರೆಸಿಟ್ಟುಕೊಳ್ಳಿ, ಅಷ್ಟು ಸಾಕು. ಕನ್ನಡದಲ್ಲಿ ಚುಕ್ಕಿ ಹಾಕಿ ಒದ್ದಾಡುವುದು ಬೇಡ.

ಮೂಗುತಿ
ತೊರೆದವನು, ಆಪತ್ತು, ಶನಿ. ನಾನು ಮೊದಲೇ ಹೇಳಿದೆ, ನಾಸಿರ್.

ಗಣಿತದಮೇಷ್ಟ್ರು
ತಡವಾಗಿ ಬಂದೆ. ಆ-ಇ ಎಂಬ ಈ ಸ್ವರಗಳ ಓಟ ಬೇರೆ ಹೆಸರುಗಳಲ್ಲೂ ಕಾಣುತ್ತದಲ್ಲ? ನಾಸಿರ್, ಖಾಲಿದ್, ಕಾಸಿಂ, ಹಾಮಿದ್. ಏನಾದರೂ ಸೂತ್ರ ಇದೆಯೇ?

ನುಡಿಚೀಲ
ಇದೆ, ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು. ಮೊದಲ ವ್ಯಂಜನಕ್ಕೆ ಆ, ಎರಡನೆಯದಕ್ಕೆ ಇ ಹಾಕಿದರೆ ಆ ಕೆಲಸ ಮಾಡುವವನು ಎಂದಾಗುತ್ತದೆ. ಖಾಲಿದ್ ಎಂದರೆ ಚಿರಕಾಲ ಉಳಿಯುವವನು, ನಾಸಿರ್ ನೆರವಾಗುವವನು, ಕಾಸಿಂ ಹಂಚುವವನು, ಹಾಮಿದ್ ಸ್ತುತಿಸುವವನು. ಅಚ್ಚಿನಲ್ಲಿ ಧಾತು ಸುರಿದು ತೆಗೆದ ಹಾಗೆ.

ಮತ್ತೆ ನೋಡಿ, ಈ ಅಚ್ಚನ್ನು ನಾವು ದಿನಾ ಕನ್ನಡದಲ್ಲೇ ಬಳಸುತ್ತೇವೆ. ಹಾಜರು ಎಂದರೆ ಎದುರಿರುವವನು. ಬಾಕಿ, ಉಳಿದಿರುವುದು. ಜಾರಿ, ಹರಿಯುತ್ತಿರುವುದು, ಆದೇಶ ‘ಜಾರಿಗೆ’ ಬರುವುದು ಅದಕ್ಕೇ. ಕಾಯಂ, ನಿಂತಿರುವುದು. ಸಾಬೀತು, ಅಲುಗದೆ ಇರುವುದು. ಖಾಲಿ, ಮಾಲೀಕ, ಎಲ್ಲವೂ ತಾರಿಕ್‌ನ ಅಚ್ಚಿನವೇ. ಇದಕ್ಕೆ ಜೋಡಿ ಅಚ್ಚೂ ಒಂದಿದೆ, ಕೆಲಸಕ್ಕೆ ಒಳಗಾದದ್ದು ಎಂಬ ಅರ್ಥದ್ದು: ಮಹಮೂದ್, ಸ್ತುತಿಗೆ ಪಾತ್ರನಾದವನು. ಮನ್ಸೂರ್, ನೆರವು ಪಡೆದು ಗೆದ್ದವನು. ನಮ್ಮ ಮಂಜೂರು, ಮಾಮೂಲು, ಮಜಬೂತು ಆ ಅಚ್ಚಿನವು.

ಗಣಿತದಮೇಷ್ಟ್ರು
ಹಾಗಾದರೆ ಹಾಜರಿ ಕರೆಯುವಾಗ “ತಾರಿಕ್”, “ಹಾಜರ್” ಎಂದರೆ ಪ್ರಶ್ನೆಗೂ ಉತ್ತರಕ್ಕೂ ಒಂದೇ ಅಚ್ಚು. ನಾನು ಸಾವಿರಾರು ಬಾರಿ ಕರೆದಿದ್ದೇನೆ, ಹೊಳೆದೇ ಇರಲಿಲ್ಲ.

ಹಾಜರಿಪುಸ್ತಕ
ನನ್ನ ಮೇಷ್ಟ್ರಿಗೂ ಹೊಳೆಯಲಿಲ್ಲ.

ತಾರೆಗಣತಿ
ನಿನ್ನೆ ರಾತ್ರಿ ಯೋಚಿಸಿದೆ. ಸ್ತೃಭಿಃ ಎಂಬ ರೂಪವನ್ನು ನಾನೂ ಹುಡುಕಿ ನೋಡಿದೆ, ಇದೆ. ‘ಕ’ ಪ್ರತ್ಯಯ ಎಂಬುದೂ ಒಪ್ಪತಕ್ಕದ್ದೇ. ಸುತ್ತಿಗೆಯ ವಿಷಯದಲ್ಲಿ ಸೋತೆ. ಎರಡು ಬೇರೆ ಬೇರೆ ದಾರಿಯಲ್ಲಿ ಬಂದ ಪದಗಳು ಒಂದೇ ನಕ್ಷತ್ರದ ಕೆಳಗೆ ಎದುರಾಗಿವೆ ಎಂದಿಟ್ಟುಕೊಳ್ಳೋಣ. ಆದರೆ ನನ್ನ ಎದುರು ಆ ಮಗು ಬಂದರೆ ನಾನು ತಾರಕ ಎಂದೇ ಕರೆಯುತ್ತೇನೆ, ಯಾರೂ ತಡೆಯುವಂತಿಲ್ಲ.

ನುಡಿಚೀಲ
ತಾರಕ ಎಂಬ ಅಸುರನೂ ಇದ್ದ ಎಂಬುದನ್ನು ಅಕ್ಕನ ಕಿವಿಗೆ ಬೀಳದ ಹಾಗೆ ಕರೆಯಿರಿ.

ಸೋದರಮಾವ
ಎಲ್ಲರಿಗೂ ಧನ್ಯವಾದ. ಅಕ್ಕ ಒಪ್ಪಿದಳು. ಯಾವ ಅರ್ಥಕ್ಕೆ ಒಪ್ಪಿದೆ ಎಂದು ಕೇಳಿದೆ. ನಕ್ಷತ್ರವನ್ನು ಭಾವನಿಗೆ ಬಿಟ್ಟುಕೊಟ್ಟಿದ್ದಾಳೆ. ಒಳಿತು ಹೊತ್ತು ತಟ್ಟುವವನು ಎಂಬ ಪ್ರಾರ್ಥನೆಯ ಸಾಲನ್ನು ಮೌಲ್ವಿಯಮೊಮ್ಮಗಳು ಅವರ ಉತ್ತರದಿಂದ ಕಾಗದದ ಮೇಲೆ ಬರೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಹಿರಿಯರು ನಾನು ಹೇಳಿದ್ದೂ ಅದೇ ತಾನೇ ಎಂದು ಕನ್ನಡಕ ಏರಿಸಿಕೊಂಡರು.

ಮಗುವಂತೂ ರಾತ್ರಿ ಎರಡಕ್ಕೆ ಸರಿಯಾಗಿ ಎದ್ದು ತೊಟ್ಟಿಲಿನ ಪಟ್ಟಿಗೆ ಹಿಮ್ಮಡಿ ಬಡಿಯುತ್ತಾನೆ. ನಾಳೆ ಹೆಸರು ನೋಂದಾಯಿಸಲು ಹೋಗುತ್ತಿದ್ದೇನೆ. ತಾ ದೀರ್ಘ, ರಿ ಹ್ರಸ್ವ, ಅಲ್ಪಪ್ರಾಣ ಕ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ.

ಹಾಜರಿಪುಸ್ತಕ
ಎದುರೇ ನಿಂತು ಓದಿ ನೋಡಿ. ಮುದ್ರೆ ಬಿದ್ದ ಮೇಲೆ ಪ್ರಯೋಜನವಿಲ್ಲ.

ಸೋದರಮಾವ
ಹೋಗಿ ಬಂದೆ. ಚೀಟಿ ಕೊಟ್ಟೆ, ಬಾಯಿಬಿಟ್ಟು ಎರಡು ಬಾರಿ ಹೇಳಿದೆ, ಗುಮಾಸ್ತರು ತಲೆಯಾಡಿಸಿದರು. ಪ್ರಮಾಣಪತ್ರ ಕೈಗೆ ಬಂತು. ‘ತಾರೀಖ್’.

ನೀಲಿಶಾಯಿ
ಇಪ್ಪತ್ತಮೂರು ಸಾರ್!